ಎರಡನೇ ನಂಬರ್ ಲೆಕ್ಕ

ಶುಕ್ರವಾರ ಸಂಜೆಯಾದರೆ ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಕಥಾಸಾಹಿತ್ಯ ಹುಲುಸಾಗಿ ಬೆಳೆಯುತ್ತದೆ. ಟೈಮ್‌ಶೀಟ್ ತುಂಬದವರ ಹೆಸರು ಎಲ್ಲರಿಗೂ ಮೇಲ್‌ನಲ್ಲಿ ಹೋಗಿರುತ್ತದೆ. ಕ್ಯಾಬ್ ಹೊರಡುವ ಮೊದಲು ಐದು ದಿನಕ್ಕೂ ಎಂಟು, ಎಂಟು, ಎಂಟು ಎಂದು ಒತ್ತಿಬಿಟ್ಟರೆ ವಾರದ ಋಣ ತೀರಿತು. ಮಂಗಳವಾರ ಅರ್ಧ ದಿನ ಸರ್ವರ್ ಮಲಗಿತ್ತು, ಗುರುವಾರ ರಾತ್ರಿ ಹನ್ನೊಂದರವರೆಗೆ ಅಮೆರಿಕದವರ ಜೊತೆ ಕಾಲ್ ಇತ್ತು. ಶೀಟಿನಲ್ಲಿ ಎರಡು ದಿನವೂ ಎಂಟೇ. ಬರೆಯುವವರನ್ನು ಬೈದು ಫಲವಿಲ್ಲ. ಅದು ಗ್ರಾಹಕ ಕಂಪನಿಗೆ ಬಿಲ್ ಕಳಿಸಲು ಹುಟ್ಟಿದ ಲೆಕ್ಕ.

ಕೆಲವು ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತಿದ್ದವು: ತೆರಿಗೆಯವರಿಗೆ ತೋರಿಸುವುದೊಂದು, ಗಲ್ಲಾಪೆಟ್ಟಿಗೆಯ ಕೆಳಗಿನದೊಂದು. ನಿಜ ಇರುತ್ತಿದ್ದದ್ದು ಕೆಳಗಿನದರಲ್ಲಿ. ಹಣದ ವಿಷಯದಲ್ಲಿ ಅದು ಅಪರಾಧ. ಸಮಯದ ವಿಷಯದಲ್ಲಿ ಯಾವ ಇಲಾಖೆಯೂ ದಾಳಿ ಮಾಡುವುದಿಲ್ಲ ಎಂಬ ಧೈರ್ಯದಿಂದ ನಾನೂ ಅಂಥದೊಂದು ನೋಟ್‌ಬುಕ್ ಇಟ್ಟಿದ್ದೇನೆ. ಕೆಲಸ ಹಿಡಿದ ಹೊತ್ತು, ಬಿಟ್ಟ ಹೊತ್ತು, ಮಾಡಿದ್ದೇನು — ಇಷ್ಟೇ ಅದರಲ್ಲಿ.

ಮೊದಲು ಗೊತ್ತಾದದ್ದು, 'ಅರ್ಧ ಗಂಟೆ ಕೆಲಸ ಸಾರ್' ಎಂದು ನಾನು ಒಪ್ಪಿಕೊಳ್ಳುವುದೆಲ್ಲ ಒಂದು ಮಧ್ಯಾಹ್ನವನ್ನೇ ನುಂಗುತ್ತದೆ ಎಂಬುದು. ಈಗ ಎಷ್ಟು ದಿನ ಬೇಕು ಎಂದು ಯಾರಾದರೂ ಕೇಳಿದರೆ ಹಳೆಯ ಪುಟ ತಿರುವಿ ಹೇಳುತ್ತೇನೆ. ಹೇಳಿದ ದಿನಕ್ಕೆ ಮುಗಿಯುತ್ತದೆ. ಹೊಸಬರಿಗೆ ಕಲಿಸುವುದರಲ್ಲಿ, ಇನ್ನೊಬ್ಬರ ಕೋಡ್ ರಿಪೇರಿ ಮಾಡುವುದರಲ್ಲಿ ಎಷ್ಟು ಹೊತ್ತು ಹೋಗಿದೆ ಎಂಬುದೂ ಅಲ್ಲೇ ಇದೆ. ಅಪ್ರೈಸಲ್‌ನಲ್ಲಿ ಕೂತಾಗ ಇದರ ಬೆಲೆ ತಿಳಿಯುತ್ತದೆ. ಮಾರ್ಚ್‌ನಲ್ಲಿ ಕೂತವನಿಗೆ ಫೆಬ್ರವರಿಯ ಕೆಲಸ ನೆನಪಿರುತ್ತದೆ, ಮ್ಯಾನೇಜರಿಗೆ ಅದೂ ಇರುವುದಿಲ್ಲ. ಜುಲೈನಲ್ಲಿ ಬೆನ್ನು ಮುರಿದುಕೊಂಡದ್ದಕ್ಕೆ ಸಾಕ್ಷಿ ಹೇಳಲು ಪುಸ್ತಕವೇ ಬೇಕು.

ಆದರೆ ಗಡಿಯಾರ ಯಾರ ಕೈಯಲ್ಲಿದೆ ಎಂಬುದು ದೊಡ್ಡ ಪ್ರಶ್ನೆ. ಅಮೆರಿಕದ ಫ್ರೆಡರಿಕ್ ಟೇಲರ್ ಕಾರ್ಮಿಕರ ಒಂದೊಂದು ಚಲನೆಗೂ ಸ್ಟಾಪ್‌ವಾಚ್ ಹಿಡಿಸಿದ ಮಹಾಶಯ. 1911ರಲ್ಲಿ ವಾಟರ್‌ಟೌನ್‌ನ ಸರ್ಕಾರಿ ಶಸ್ತ್ರಾಗಾರದಲ್ಲಿ ಅವನ ಪದ್ಧತಿಯ ಗಡಿಯಾರ ಕಂಡದ್ದೇ ಅಚ್ಚು ಎರೆಯುವವರು ಕೆಲಸ ಬಿಟ್ಟು ಹೊರನಡೆದರು. ಅವರ ಕಡೆಗೇ ನನ್ನ ಮತ.

ರಷ್ಯಾದ ಕೀಟವಿಜ್ಞಾನಿ ಅಲೆಕ್ಸಾಂಡರ್ ಲ್ಯುಬಿಶ್ಚೇವ್ ಮಾತ್ರ ಯಾರೂ ಕೇಳದೆಯೇ 1916ರಲ್ಲಿ ತನ್ನ ಸಮಯದ ಲೆಕ್ಕ ಬರೆಯಲು ಶುರುಮಾಡಿ 1972ರಲ್ಲಿ ಸಾಯುವವರೆಗೂ ಬರೆದ. ಸಂಶೋಧನೆಗೆ ಇಷ್ಟು, ಪತ್ರಗಳಿಗೆ ಇಷ್ಟು, ಕಾದಂಬರಿ ಓದಿಗೆ ಇಷ್ಟು. ತಿಂಗಳಿಗೊಮ್ಮೆ ಮೊತ್ತ, ವರ್ಷಕ್ಕೊಮ್ಮೆ ವರದಿ. ಕೆಲಸದ ನಡುವಿನ ವಿರಾಮ ಕಳೆದು ಉಳಿದ ನಿವ್ವಳವನ್ನಷ್ಟೇ ಕೆಲಸವೆಂದು ಹಿಡಿಯುತ್ತಿದ್ದ. ಡಾನಿಯಿಲ್ ಗ್ರಾನಿನ್ 1974ರಲ್ಲಿ ಅವನ ಮೇಲೆ ಪುಸ್ತಕವನ್ನೇ ಬರೆದ. ಇಷ್ಟೆಲ್ಲ ಲೆಕ್ಕದ ಮನುಷ್ಯ ನಿದ್ದೆಗೆಟ್ಟು ದುಡಿದಿರಬೇಕು ಎಂದುಕೊಂಡರೆ ತಪ್ಪು. ಕಣ್ತುಂಬ ನಿದ್ದೆ ಮಾಡುತ್ತಿದ್ದ, ಸಂಗೀತ ಕಛೇರಿಗೂ ಹೋಗುತ್ತಿದ್ದ. ನನಗೆ ಅವನಷ್ಟು ತಾಳ್ಮೆಯಿಲ್ಲ. ಭಾನುವಾರ ನನ್ನ ಪುಸ್ತಕಕ್ಕೂ ರಜೆ, ಮಧ್ಯಾಹ್ನದ ನಿದ್ದೆಗೆ ಲೆಕ್ಕವಿಲ್ಲ.

ನೀವೂ ಬರೆಯುವುದಾದರೆ ನಾಳೆಯೇ ಶುರುಮಾಡಿ, ಮಾರ್ಚ್‌ವರೆಗೆ ಕಾಯಬೇಡಿ. ಅಪ್ರೈಸಲ್‌ಗೆ ಬೇಕಾದ ನಾಲ್ಕು ಸಾಲನ್ನು ಬೇರೆ ಹಾಳೆಗೆ ಇಳಿಸಿಕೊಂಡು ಹೋಗಿ. ಪುಸ್ತಕವನ್ನು ಮಾತ್ರ ಮ್ಯಾನೇಜರ್ ಕೈಗೆ ಕೊಡಬೇಡಿ.