ಮೂರು ತಿಂಗಳಿಗೆ ಒಂದು ದಿನ ಕಡಿಮೆ

1
ಅನ್ಯಾಯವಾಗಿ ಕೆಲಸದಿಂದ ತೆಗೆದರು, ಸಂಬಳ ಬಾಕಿ ಉಳಿಸಿಕೊಂಡರು ಎನ್ನುವವರು ಬ್ರಿಟನ್ನಿನಲ್ಲಿ ಹೋಗುವ ಜಾಗ ಉದ್ಯೋಗ ಟ್ರಿಬ್ಯೂನಲ್. ಅಲ್ಲಿ ವಿಗ್ ಇಲ್ಲ, ಗೌನ್ ಇಲ್ಲ. ಸಾಕ್ಷಿ ಕೂತೇ ಮಾತಾಡುತ್ತಾನೆ. ಬೀದಿಯಲ್ಲಿ ಹೋಗುವವರೂ ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕೂತು ಕೇಳಬಹುದು.

2
ಅರ್ಜಿಯ ಹಳೆಯ ಗಡುವು: ಮೂರು ತಿಂಗಳಿಗೆ ಒಂದು ದಿನ ಕಡಿಮೆ. ಜೂನ್ 15ಕ್ಕೆ ಕೆಲಸ ಹೋದರೆ ಸೆಪ್ಟೆಂಬರ್ 14. ಅಷ್ಟರೊಳಗೆ ಮೊದಲು ಏಕಾಸ್ ಎಂಬ ಸಂಧಾನ ಸಂಸ್ಥೆಗೆ ತಿಳಿಸಬೇಕು. ಗಡುವನ್ನು ಆರು ತಿಂಗಳಿಗೆ ಏರಿಸುವ ಕಾಯ್ದೆ 2025ರಲ್ಲಿ ಬಂತು.

3
ಇಂಗ್ಲೆಂಡಿನಲ್ಲಿ ಸಾಕ್ಷಿ ಹೇಳಿಕೆಯನ್ನು ಮೊದಲೇ ಬರೆದು ಕೊಟ್ಟಿರುತ್ತಾರೆ, ನ್ಯಾಯಾಧೀಶರು ಓದಿಕೊಂಡಿರುತ್ತಾರೆ. ಕೆಲಸ ಕಳೆದುಕೊಂಡವನು ಬಂದು ಕೂತು, ಪ್ರಮಾಣ ಮಾಡಿದ ಮೇಲೆ ಹೆಚ್ಚುಕಡಿಮೆ ನೇರ ಪಾಟೀಸವಾಲು. ಹಿಂದೆ ಕೂತವರಿಗೆ ಉತ್ತರಗಳು ಕೇಳಿಸುತ್ತವೆ, ಕಥೆ ಕೇಳಿಸುವುದಿಲ್ಲ.
ಸ್ಕಾಟ್ಲೆಂಡಿನಲ್ಲಿ ಸಾಮಾನ್ಯವಾಗಿ ಈ ಬರಹವಿಲ್ಲ. ಎಲ್ಲವನ್ನೂ ಬಾಯಲ್ಲೇ ಹೇಳಬೇಕು. ಕಾಯ್ದೆ ಎರಡೂ ಕಡೆ ಒಂದೇ.

4
ಸಂಬಳವನ್ನೇ ಕೊಡದಿದ್ದರೂ ಉದ್ಯೋಗ ಹಕ್ಕುಗಳ 1996ರ ಕಾಯ್ದೆಯ ಲೆಕ್ಕದಲ್ಲಿ ಅದು ‘ಕಡಿತ’.

5
ಅನ್ಯಾಯದ ವಜಾಕ್ಕೆ ಸಿಗುವ ಮೂಲ ಪರಿಹಾರ ದುಡಿದ ವರ್ಷಗಳ ಮೇಲೆ. 22 ತುಂಬುವ ಮೊದಲಿನ ವರ್ಷಕ್ಕೆ ಅರ್ಧ ವಾರದ ಸಂಬಳ. 22ರಿಂದ 40ರವರೆಗೆ ಒಂದು ವಾರದ್ದು. 41 ತುಂಬಿದ ಮೇಲೆ ಒಂದೂವರೆ ವಾರದ್ದು. 20 ವರ್ಷಕ್ಕಿಂತ ಹೆಚ್ಚು ಎಣಿಸುವುದಿಲ್ಲ.

6
ಒಬ್ಬ ವ್ಯಾನ್ ಚಾಲಕನನ್ನು ಆಫೀಸಿಗೆ ಕರೆದರು. ಕೆಲಸ ಇಲ್ಲ ಎಂದರು. ಪತ್ರ ಕೈಗಿಟ್ಟು ಮನೆಗೆ ಕಳಿಸಿದರು. ಅವನ ಹೆಸರು ಪೋಲ್ಕಿ. ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. ‘ಕ್ರಮ ಪಾಲಿಸಿದ್ದರೂ ಕೆಲಸ ಹೋಗುತ್ತಿತ್ತು’ ಎಂಬ ಮಾತು ವಜಾವನ್ನು ನ್ಯಾಯಯುತ ಮಾಡದು, ಪರಿಹಾರದ ಮೊತ್ತವನ್ನು ಇಳಿಸಬಹುದು ಎಂದು 1987ರಲ್ಲಿ ತೀರ್ಪಾಯಿತು.
ಗೆದ್ದ ನೌಕರರ ಹಣದಲ್ಲಿ ಹೀಗೆ ಮುರಿದುಕೊಳ್ಳುವ ಪಾಲನ್ನು ವಕೀಲರು ಇವತ್ತಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ.

7
2013ರ ಜುಲೈನಲ್ಲಿ ಶುಲ್ಕ ಬಂತು. ಬಾಕಿ ಸಂಬಳದ ಅರ್ಜಿಗೆ ವಿಚಾರಣೆ ಮುಗಿಯುವ ತನಕ 390 ಪೌಂಡ್, ಅನ್ಯಾಯದ ವಜಾಕ್ಕೆ 1,200. ಅರ್ಜಿಗಳಲ್ಲಿ ಮೂರನೇ ಎರಡರಷ್ಟು ಮಾಯ. ಮಾಲೀಕರೆಲ್ಲ ಆ ತಿಂಗಳಿಂದ ಸರಿಹೋದರು ಎಂದು ಯಾರೂ ಹೇಳಿದಂತಿಲ್ಲ.
ಯೂನಿಸನ್ ಎಂಬ ಕಾರ್ಮಿಕ ಸಂಘ ಕೋರ್ಟಿಗೆ ಹೋಯಿತು. 2017ರ ಜುಲೈ 26ರಂದು ಸುಪ್ರೀಂ ಕೋರ್ಟು ಶುಲ್ಕವನ್ನು ರದ್ದು ಮಾಡಿತು. 500 ಪೌಂಡ್ ಕೇಳಲು 390 ಕಟ್ಟಬೇಕಾದರೆ, ಗೆಲುವು ಖಾತ್ರಿ ಇಲ್ಲದೆ ಬುದ್ಧಿ ಇರುವವರು ಯಾರೂ ಬರುವುದಿಲ್ಲ ಎಂಬುದು ತೀರ್ಪಿನ ಒಂದು ಲೆಕ್ಕ.
ಅದೇ ತೀರ್ಪಿನಲ್ಲಿ 1215ರ ಮ್ಯಾಗ್ನಾ ಕಾರ್ಟಾ ಬರುತ್ತದೆ. 1932ರ ಡಾನಹ್ಯೂ ಮೊಕದ್ದಮೆಯೂ ಬರುತ್ತದೆ: ಪೇಸ್ಲಿ ಊರಿನ ಹೋಟೆಲಿನಲ್ಲಿ ಜಿಂಜರ್ ಬಿಯರ್ ಬಾಟಲಿಯೊಳಗೆ ಬಸವನಹುಳು ಇತ್ತೆಂಬ ದೂರು. ಆ ಮೊಕದ್ದಮೆಯಿಂದ ದೂರು ಕೊಟ್ಟವಳಿಗೆ ಮಾತ್ರ ಪ್ರಯೋಜನವಾಯಿತು ಎನ್ನಲು ಬರುತ್ತದೆಯೇ ಎಂಬುದು ಶುಲ್ಕದ ತೀರ್ಪಿನ ವಾದ.
ಸಂಬಳ ಬಾಕಿಯವರ ಪರವಾಗಿ ಬಸವನಹುಳು.

8
ಕಾಯ್ದೆ ಮೊದಲು ಹೇಳುವ ಪರಿಹಾರ, ಕೆಲಸ ವಾಪಸ್ ಕೊಡಿಸುವುದು. ಸಿಗುವುದು ತೀರ ಅಪರೂಪ. ಕೇಳುವವರೂ ಕಡಿಮೆ.

9
2013ರ ಸರ್ಕಾರಿ ಅಧ್ಯಯನ: ಗೆದ್ದವರಲ್ಲಿ ಪೂರ್ತಿ ಹಣ ಕೈಸೇರಿದ್ದು ಶೇ. 49 ಮಂದಿಗೆ. ಮೂರನೇ ಒಂದಕ್ಕಿಂತ ಹೆಚ್ಚು ಮಂದಿಗೆ ಬಿಡಿಗಾಸೂ ಬಂದಿರಲಿಲ್ಲ. ವಸೂಲಿ ಟ್ರಿಬ್ಯೂನಲ್ಲಿನ ಕೆಲಸವಲ್ಲ.

10
ಬೆಂಗಳೂರಿನಿಂದ ಕಂಪನಿ ವೀಸಾ ಮೇಲೆ ಹೋದ ಇಂಜಿನಿಯರಿಗೆ ಕೆಲಸ ಹೋದರೆ, ವೀಸಾ ಕೊಡಿಸುವ ಇನ್ನೊಂದು ಕಂಪನಿ ಹುಡುಕಲು ಸಾಮಾನ್ಯವಾಗಿ 60 ದಿನ. ವಿಚಾರಣೆಯ ಸರದಿ ಬರಲು ವರ್ಷ ದಾಟುವುದುಂಟು.

11
2017ರಿಂದ ತೀರ್ಪುಗಳು ಇಂಟರ್ನೆಟ್ಟಿನಲ್ಲಿವೆ. ಹೆಸರು ಹಾಕಿದರೆ ಸಿಗುತ್ತವೆ. ರಾಜಿಯಾಗಿ ಅರ್ಜಿ ಹಿಂತೆಗೆದುಕೊಂಡವರ ಹೆಸರೂ ಇದೆ. ಮುಂದೆ ಕೆಲಸ ಕೊಡುವವರೂ ಹುಡುಕಬಹುದು.