ಗೊರಬಲು ಹೆಕ್ಕುವ ಕಣ್ಣು

ತೀರ್ಥಹಳ್ಳಿ, ಹೊಸನಗರ, ಸಾಗರ ಈ ಮೂರೂ ತಾಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿದವಳು ಶರಾವತಿ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಕಾಡು-ಗದ್ದೆ ಹಾದು, ಸಾಗರ ತಾಲೂಕಿನ ಲಿಂಗನಮಕ್ಕಿ ಜಲಾಶಯ ಸೇರುತ್ತಾಳೆ. ಆಮೇಲೆ ಜೋಗ. ಅಡಿಕೆ ಕೊಯ್ಲಿನ ಕಾಲದಲ್ಲಿ ಮೊಮ್ಮಗಳೊಂದಿಗೆ ಇದೇ ಕ್ರಮದಲ್ಲಿ ಬಸ್ಸು ಹತ್ತಿದೆ.

‘ಅಜ್ಜ, ಇಲ್ಲಿ ಹಳ್ಳಕ್ಕೆ ಎಸೆದ ಚಿಪ್ಸ್ ಪ್ಯಾಕೆಟ್ ಜೋಗದ ತನಕ ಹೋಗುತ್ತಾ?’

‘ಲಿಂಗನಮಕ್ಕಿ ಹಿನ್ನೀರಿಗಂತೂ ಹೋಗಬಹುದು ಪುಟ್ಟಿ.’

ದಾರಿಯುದ್ದಕ್ಕೂ ಅಲ್ಲಲ್ಲಿ ಅಡಿಕೆ ಸಿಪ್ಪೆಯ ಗುಡ್ಡೆ. ಕೆಲವು ಹೊಗೆಯಾಡುತ್ತಿದ್ದವು. ನಮ್ಮ ಕಾಲದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯಿಡೀ ಸುಲಿಯುತ್ತಿದ್ದರು. ಸಿಪ್ಪೆ ಆಯಾ ಮನೆಯ ಅಂಗಳದಲ್ಲೇ ಬೀಳುತ್ತಿತ್ತು, ಅಲ್ಲಿಂದ ತೋಟಕ್ಕೋ ಗೊಬ್ಬರ ಗುಂಡಿಗೋ ಹೋಗುತ್ತಿತ್ತು. ಈಗ ಸುಲಿಯುವ ಯಂತ್ರ ಬಂದಿದೆ. ಬೆರಳು ಕುಯ್ದುಕೊಳ್ಳುವ ಕಷ್ಟ ತಪ್ಪಿತು, ಒಳ್ಳೆಯದೇ. ಆದರೆ ಹತ್ತಾರು ಮನೆಯ ಸಿಪ್ಪೆ ಒಂದೇ ಕಡೆ ಬೀಳುತ್ತದೆ. ಹಣ್ಣಿನ ಗಾತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ನಾರಿರುವುದರಿಂದ ಬೇಗ ಕೊಳೆಯುವುದೂ ಇಲ್ಲ. ಯಂತ್ರ ಕೊಂಡವರು ಸಿಪ್ಪೆಯ ಲೆಕ್ಕ ಹಾಕಲಿಲ್ಲ, ರಸ್ತೆ ಬದಿ ಸಿಕ್ಕಿತು. (ನಮ್ಮ ರಾಶಿ ಅಡಿಕೆ ಉತ್ತರ ಭಾರತಕ್ಕೆ ಹೋಗಿ, ಪಾನ್ ಮಸಾಲಾ ಪೊಟ್ಟಣವಾಗಿ ನಮ್ಮ ಬಸ್‌ಸ್ಟ್ಯಾಂಡಿಗೇ ಮರಳುತ್ತದೆ. ಆ ಪೊಟ್ಟಣವನ್ನು ಹೆಕ್ಕುವವರು ಬೇರೆ ಬೇಕು.)

‘ಶಾಲೆಯಲ್ಲಿ ಹೇಳಿದ್ದಾರೆ, ಕಸವನ್ನು ಇನ್ನು ಮೇಲೆ ಎಐ ಬೇರೆ ಮಾಡುತ್ತಂತೆ’ ಎಂದಳು ಹುಡುಗಿ.

ಮನೆಯ ಅಕ್ಕಿ ಚೀಲದ ಮೇಲೆ ‘ಸಾರ್ಟೆಕ್ಸ್’ ಎಂದು ಬರೆದದ್ದು ನೋಡಿದ್ದೀರಾ? ಮಿಲ್ಲಿನಲ್ಲಿ ಅಕ್ಕಿ ತೆಳುವಾಗಿ ಉದುರುವಾಗ ಕ್ಯಾಮೆರಾ ನೋಡುತ್ತದೆ. ಕಪ್ಪು ಕಾಳು ಕಂಡರೆ ಗಾಳಿಯ ಒಂದು ಸಣ್ಣ ಊದು ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಕಸ ಬೇರ್ಪಡಿಸುವ ದೊಡ್ಡ ಯಂತ್ರಗಳದ್ದೂ ಇದೇ ಕುಲ. ಓಡುವ ಬೆಲ್ಟಿನ ಮೇಲೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಡುತ್ತಾರೆ. ನೀರಿನ ಬಾಟಲಿಯ ಪ್ಲಾಸ್ಟಿಕ್ ಅದನ್ನು ಒಂದು ಬಗೆಯಲ್ಲಿ ಹಿಂದಿರುಗಿಸಿದರೆ, ಹಾಲಿನ ಪ್ಯಾಕೆಟ್ಟಿನದು ಇನ್ನೊಂದು ಬಗೆ. ಕಪ್ಪು ಪ್ಲಾಸ್ಟಿಕ್ ಮಾತ್ರ ಬೆಳಕನ್ನೆಲ್ಲ ನುಂಗಿ ಯಂತ್ರವನ್ನೇ ಏಮಾರಿಸುತ್ತದೆ.

ಕೃತಕ ಬುದ್ಧಿಮತ್ತೆ ಇಲ್ಲಿ ಕಲಿಯುವುದು ಹೇಗೆ? ನಮ್ಮಮ್ಮ ನನ್ನನ್ನು ಅಡಿಕೆ ರಾಶಿಯ ಮುಂದೆ ಕೂರಿಸಿ ‘ಇದು ಸರಕು, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು’ ಎಂದು ತೋರಿಸುತ್ತಿದ್ದಳು. ನಿಯಮ ಹೇಳಿದವಳಲ್ಲ. ಸಾವಿರ ಅಡಿಕೆ ಕೈಯಲ್ಲಿ ಹಾದ ಮೇಲೆ ಕಣ್ಣಿಗೇ ತಿಳಿಯಿತು. ಯಂತ್ರಕ್ಕೂ ಹಾಗೆಯೇ, ಲಕ್ಷಗಟ್ಟಲೆ ಚಿತ್ರ ತೋರಿಸುತ್ತಾರೆ. ಪ್ರತಿ ಚಿತ್ರಕ್ಕೂ ‘ಇದು ಬಾಟಲಿ, ಇದು ರಟ್ಟು’ ಎಂದು ಮೊದಲು ಹೆಸರಿಟ್ಟವರು ಮನುಷ್ಯರೇ.

ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಕಾರ್ಕಳದತ್ತ ಹೋದರೆ ನಿಟ್ಟೆ ಸಿಗುತ್ತದೆ. ಅಲ್ಲಿ ಹಳ್ಳಿಗಳ ಒಣಕಸಕ್ಕೆಂದೇ ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕವಿದೆ. ಬೆಲ್ಟ್ ಕಸವನ್ನು ಸಾಗಿಸುತ್ತದೆ, ಹೆಕ್ಕುವುದು ಅಕ್ಕಪಕ್ಕ ನಿಂತವರ ಕೈ. ನಮ್ಮ ಮಲೆನಾಡಿನ ಪಂಚಾಯಿತಿಗಳಿಗೂ ಮೊದಲು ಬೇಕಾದದ್ದು ಇಂಥ ಬೆಲ್ಟೇ ಎಂದು ನನಗನ್ನಿಸುತ್ತದೆ. ರೋಬೋ ಆಮೇಲೆ ಬರಲಿ.

ಏಕೆಂದರೆ ಸಾರಿನ ಪಲ್ಯದ ಜತೆ ಮುದ್ದೆಯಾದ ಕಾಗದವನ್ನು ಯಾವ ಕ್ಯಾಮೆರಾ ಗುರುತಿಸಿಯೂ ಪ್ರಯೋಜನವಿಲ್ಲ, ಅದು ರದ್ದಿಗೆ ಬಾರದು. ಹಸಿ, ಒಣ, ಅಪಾಯದ ಕಸ ಎಂದು ಮನೆಯಲ್ಲೇ ಮೂರು ಪಾಲು ಮಾಡಬೇಕೆಂದು 2016ರ ನಿಯಮಗಳೇ ಹೇಳಿದ್ದವು.

ಬಟ್ಟೆಮಲ್ಲಪ್ಪ ದಾಟಿ ಸಾಗರದ ಕಡೆ ಬರುವಾಗ ಒಂದೂರಿನಲ್ಲಿ ಪಂಚಾಯಿತಿಯ ಕಸದ ಗಾಡಿ ಎದುರಾಯಿತು. ನಡೆಸುತ್ತಿದ್ದವಳು ಸ್ವಸಹಾಯ ಸಂಘದ ಹೆಣ್ಣುಮಗಳು. ಬಸ್ಸಿಗೆ ದಾರಿ ಬಿಡಲೆಂದು ಗಾಡಿ ನಿಲ್ಲಿಸಿದಳು. ಹಿಂದೆ ಕೂತಿದ್ದ ಮತ್ತೊಬ್ಬಾಕೆ ಚೀಲವೊಂದನ್ನು ಬಿಚ್ಚಿ, ಒಡೆದ ಟ್ಯೂಬ್‌ಲೈಟಿನ ಚೂರನ್ನು ಎರಡು ಬೆರಳಲ್ಲಿ ಎತ್ತಿ ಬೇರೆ ಡಬ್ಬಕ್ಕೆ ಹಾಕಿದಳು. ಕೈಗವಸು ಒಂದೇ ಕೈಗಿತ್ತು.

ಮೊಮ್ಮಗಳು ಕಿಟಕಿಯಿಂದ ಅವಳನ್ನೇ ನೋಡುತ್ತಿದ್ದಳು. ‘ಅಜ್ಜ, ಆ ಟ್ಯೂಬ್‌ಲೈಟನ್ನು ಯಾರ ಮನೆಯವರು ಹಾಕಿದ್ದು?’ ಎಂದಳು.