ಕೋವಿ ಯಾರದು, ಮಾತು ಯಾರದು?

ಸಂಘವೆಂದರೇನು ಎಂಬುದನ್ನು ಹೊರನಾಡ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಂದಾ ಕಟ್ಟುತ್ತೇವೆ, ಸರ್ವಸದಸ್ಯರ ಸಭೆಗೆ ಹೋಗುತ್ತೇವೆ, ಲೆಕ್ಕಪತ್ರ ಓದುವಾಗ ತೂಕಡಿಸುತ್ತೇವೆ, ಉಪಾಹಾರದ ಹೊತ್ತಿಗೆ ಸರಿಯಾಗಿ ಎಚ್ಚೆತ್ತುಕೊಳ್ಳುತ್ತೇವೆ. ಉಳಿದ ದಿನಗಳಲ್ಲಿ ನಮ್ಮ ಪರವಾಗಿ ಮಾತನಾಡುವ ಕೆಲಸ ಪದಾಧಿಕಾರಿಗಳದು. ಅವರಾಡಿದ ಮಾತು ನಮ್ಮ ಮನಸ್ಸಿನದಲ್ಲದಿದ್ದರೆ ಏನು ಮಾಡಬೇಕು? ಸುಮ್ಮನಿರಬೇಕೆ, ಸಭೆಯಲ್ಲಿ ಎದ್ದು ನಿಂತು ಕೇಳಬೇಕೆ, ಇಲ್ಲವೆ ರಾಜೀನಾಮೆ ಬರೆದುಕೊಟ್ಟು ಬೇರೆಯದೇ ಸಂಘ ಕಟ್ಟಬೇಕೆ? ಅಮೆರಿಕದಲ್ಲಿ ಕೋವಿ ಇಟ್ಟುಕೊಂಡ ಜನ ಈ ಮೂರನ್ನೂ ಮಾಡಿ ನೋಡಿದ್ದಾರೆ.

ಅವರ ಜಗಳ ನಮಗೇಕೆ ಎಂದು ಓದುಗರು ಕೇಳಬಹುದು. ನಾವು ಕೊಡಗಿನಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ನಾಲ್ಕಾರು ಮನೆಯವರು. ನಮ್ಮ ಕೋವಿಗಳೆಲ್ಲ ಊರಿನ ಐನ್‌ಮನೆಗಳಲ್ಲಿವೆ. ಅಲ್ಲಿ ಗಂಡುಮಗು ಹುಟ್ಟಿದರೆ ಗುಂಡು ಹಾರುತ್ತದೆ, ಹಿರಿಯರು ತೀರಿಕೊಂಡರೂ ಹಾರುತ್ತದೆ, ಪುತ್ತರಿಯ ಕದಿರು ಕೊಯ್ಯುವಾಗಲೂ ಹಾರುತ್ತದೆ. ಸೆಪ್ಟೆಂಬರಿನ ಕೈಲ್‌ಪೊಳ್ದಿನಂದು ಊರಿನವರು ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುವಾಗ, ನಾವು ಇಲ್ಲಿ ಯಾರದಾದರೂ ಫ್ಲ್ಯಾಟಿನಲ್ಲಿ ಸೇರಿ ಕಡಂಬುಟ್ಟು, ಪಂದಿಕರಿ ಉಂಡು, ಆಮೇಲೆ ವಾದಕ್ಕೆ ಕೂರುತ್ತೇವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಮಾರ್ಕ್ ಕಬ್ಬನ್ ಕಮಿಷನರಾಗಿದ್ದ ಕಾಲದಲ್ಲಿ, 1861ರಲ್ಲಿ, ದೊರೆತದ್ದು ಅದು. ಕೇಂದ್ರ ಸರ್ಕಾರ 2019ರಲ್ಲಿ ಹೊರಡಿಸಿದ ಆಜ್ಞೆಯ ಪ್ರಕಾರ 2029ರ ಅಕ್ಟೋಬರ್ 31ರವರೆಗೆ ನಡೆಯುತ್ತದೆ. ಆಮೇಲೆ? ಅದನ್ನು ಹೇಗೆ ಉಳಿಸಿಕೊಳ್ಳುವುದೆಂಬ ಮಾತು ಬಂದರೆ ನಮ್ಮಲ್ಲಿ ಐದು ಜನಕ್ಕೆ ಆರು ಅಭಿಪ್ರಾಯ. ಇಂಥದೇ ವಾದವನ್ನು ಬಹಳ ದೊಡ್ಡ ಗಂಟಲಿನಲ್ಲಿ ಆಡಿದವರ ಚರಿತ್ರೆಯನ್ನು ನಾವು ಓದತೊಡಗಿದ್ದು ಹೀಗೆ.

ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಹುಟ್ಟಿದ್ದು 1871ರಲ್ಲಿ, ನ್ಯೂಯಾರ್ಕಿನಲ್ಲಿ. ಅಂತರ್ಯುದ್ಧದಲ್ಲಿ ತಮ್ಮ ಸೈನಿಕರ ಗುರಿ ಎಷ್ಟು ಕೆಟ್ಟದ್ದೆಂದು ಕಂಡು ನಾಚಿದ ಉತ್ತರದ ಸೇನಾಧಿಕಾರಿಗಳು, ಜನಕ್ಕೆ ಗುರಿ ಹಿಡಿಯುವುದನ್ನು ಕಲಿಸಲೆಂದು ಕಟ್ಟಿದ ಸಂಸ್ಥೆ ಅದು. 1934ರಲ್ಲಿ ಮೆಷಿನ್ ಗನ್ನುಗಳನ್ನು ಹತೋಟಿಯಲ್ಲಿಡುವ ಮಸೂದೆ ಬಂದಾಗ ಅದರ ಅಧ್ಯಕ್ಷ ಕಾರ್ಲ್ ಫ್ರೆಡರಿಕ್, ಕಂಡಕಂಡವರೆಲ್ಲ ಕೋವಿ ಹೊತ್ತು ತಿರುಗುವುದು ತನಗೂ ಒಪ್ಪಿಗೆಯಿಲ್ಲವೆಂದು ಸಂಸತ್ತಿನ ಮುಂದೆ ಹೇಳಿದ. ಆತ 1920ರ ಒಲಿಂಪಿಕ್ಸಿನಲ್ಲಿ ಗುರಿಯ ಸ್ಪರ್ಧೆಗಳಲ್ಲಿ ಚಿನ್ನ ಗೆದ್ದವನು. ಕೋವಿಯ ಮೇಲೆ ಆತನಿಗೆ ಪ್ರೀತಿ ಕಡಿಮೆಯಿತ್ತೆಂದು ಯಾರೂ ಹೇಳಲಾರರು.

1963ರಲ್ಲಿ ಅಧ್ಯಕ್ಷ ಕೆನಡಿಯ ಕೊಲೆಗೆ ಬಳಕೆಯಾದ ರೈಫಲು ಅಂಚೆಯಲ್ಲಿ ತರಿಸಿದ್ದು. ಅದರ ಜಾಹೀರಾತು ಬಂದಿದ್ದದ್ದು ಇದೇ ಸಂಘದ ಮಾಸಪತ್ರಿಕೆಯಲ್ಲಿ. 1968ರಲ್ಲಿ ಕೋವಿಯ ಅಂಚೆ ವ್ಯಾಪಾರಕ್ಕೆ ಕಡಿವಾಣ ಹಾಕುವ ಕಾಯಿದೆ ಬಂದಾಗ ಸಂಘದ ಹಿರಿಯರು ಒಂದಿಷ್ಟು ಗೊಣಗಿ, ಇದರೊಡನೆ ಬಾಳಬಹುದು ಎಂದರು. ಆದರೆ ಸದಸ್ಯರಲ್ಲಿ ಅನೇಕರು ಕುದಿದರು. ಒಂದು ಅಂಗುಲ ಬಿಟ್ಟರೆ ನಾಳೆ ಹೊಲವೇ ಹೋದೀತೆಂಬುದು ಅವರ ತರ್ಕ. ಹಿರಿಯರು ಕಚೇರಿಯನ್ನೇ ವಾಷಿಂಗ್ಟನ್ನಿನಿಂದ ಕೊಲರಾಡೋ ಬೆಟ್ಟಗಳ ಕಡೆಗೆ ಸಾಗಿಸಿ, ರಾಜಕೀಯ ಬಿಟ್ಟು ಬೇಟೆ, ಕ್ರೀಡೆಗಳತ್ತ ತಿರುಗಲು ಹೊರಟಾಗ ಸ್ಫೋಟವಾಯಿತು.

1977ರ ಮೇ ತಿಂಗಳಲ್ಲಿ ಸಿನ್ಸಿನಾಟಿಯಲ್ಲಿ ನಡೆದ ವಾರ್ಷಿಕ ಸಭೆಯ ವರದಿಯನ್ನು ಸಂಘಜೀವಿಗಳಾದ ನಾವೆಲ್ಲ ಓದಲೇಬೇಕು. ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡ ಬಂಡಾಯಗಾರರು ಕೈಯಲ್ಲಿ ವಾಕಿಟಾಕಿ ಹಿಡಿದು, ಬೈಲಾ ಪುಸ್ತಕವನ್ನೇ ಆಯುಧ ಮಾಡಿಕೊಂಡು, ಒಂದಾದ ಮೇಲೊಂದು ತಿದ್ದುಪಡಿ ತಂದರು. ಸಭೆ ಬೆಳಗಿನ ಜಾವದವರೆಗೂ ನಡೆಯಿತು. ಹಳಬರು ಕೆಳಗಿಳಿದರು, ಯಾವ ಹೊಸ ಕಾಯಿದೆಯನ್ನೂ ಒಪ್ಪದ ಹಾರ್ಲನ್ ಕಾರ್ಟರ್ ಮೇಲೇರಿದ. ಒಂದೇ ರಾತ್ರಿಯಲ್ಲಿ ಸಂಘದ ಗುಣವೇ ಬದಲಾಯಿತು. ಒಂದೂ ಗುಂಡು ಹಾರಲಿಲ್ಲ, ಬರೀ ಕೈಯೆತ್ತಿ ಗೆದ್ದರು ಎಂಬುದಂತೂ ಮೆಚ್ಚತಕ್ಕ ಸಂಗತಿ.

ಆದರೆ ಗೆದ್ದವರೊಳಗೂ ಮನಸ್ಸು ಒಂದಾಗಲಿಲ್ಲ. 1995ರಲ್ಲಿ ಸಂಘದ ಮುಖಂಡ ವೇಯ್ನ್ ಲಾಪಿಯೆರ್ ಹೆಸರಿನಲ್ಲಿ ಹಣ ಕೇಳುವ ಪತ್ರವೊಂದು ಮನೆಮನೆಗೆ ಹೋಯಿತು. ಸರ್ಕಾರದ ಅಧಿಕಾರಿಗಳನ್ನು ಅದರಲ್ಲಿ ನಾಜಿಗಳಿಗೆ ಹೋಲಿಸಿದ್ದರು. ಅದೇ ಏಪ್ರಿಲಿನಲ್ಲಿ ಓಕ್ಲಹೋಮ ಸಿಟಿಯ ಸರ್ಕಾರಿ ಕಟ್ಟಡಕ್ಕೆ ಬಾಂಬಿಟ್ಟು 168 ಜನರನ್ನು ಕೊಂದರು. ಸತ್ತವರಲ್ಲಿ ಮಾಜಿ ಅಧ್ಯಕ್ಷ ಜಾರ್ಜ್ ಬುಷ್ ಬಲ್ಲ ಅಂಗರಕ್ಷಕನೂ ಇದ್ದ. ಬುಷ್ ಆ ಪತ್ರವನ್ನು ಖಂಡಿಸಿ ತಮ್ಮ ಆಜೀವ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಅವರು ಕೋವಿ ಬಿಡಲಿಲ್ಲ, ಸಂಘ ಬಿಟ್ಟರು. ಅವರಿಗೆ ಸಹಿಸದಾದದ್ದು ಆ ಭಾಷೆ.

ಇನ್ನೊಂದು ಕಡೆ, ಈ ಸಂಘ ತೀರ ಮೆತ್ತಗಾಯಿತು ಎನ್ನುವವರಿದ್ದರು. ಅವರಿಗಾಗಿ 1970ರ ದಶಕದಿಂದಲೇ ಗನ್ ಓನರ್ಸ್ ಆಫ್ ಅಮೆರಿಕ ಎಂಬ ಇನ್ನೊಂದು ಸಂಘಟನೆ ಇತ್ತು. 2017ರಲ್ಲಿ ಲಾಸ್ ವೇಗಸ್ಸಿನ ಸಂಗೀತ ಸಭೆಯ ಮೇಲೆ ಒಬ್ಬ ಗುಂಡಿನ ಮಳೆಗರೆದಾಗ, ರೈಫಲು ಎಡೆಬಿಡದೆ ಹಾರುವಂತೆ ಮಾಡುವ ಬಂಪ್ ಸ್ಟಾಕ್ ಎಂಬ ಸಾಧನಕ್ಕೆ ಹೆಚ್ಚಿನ ನಿಯಮ ಬೇಕೆಂದು ದೊಡ್ಡ ಸಂಘ ಹೇಳಿತು. ಸರ್ಕಾರ ಅದನ್ನು ನಿಷೇಧಿಸಿದಾಗ ಈ ಎರಡನೆಯ ಸಂಘಟನೆ ಕೋರ್ಟಿಗೇ ಹೋಯಿತು. 2024ರಲ್ಲಿ ಬೇರೊಬ್ಬರ ದಾವೆಯಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನು ತಳ್ಳಿಹಾಕಿತು. ಮನೆಯಲ್ಲಿ ಕೋವಿ ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು 2008ರಲ್ಲಿ ತೀರ್ಪಾದ ಹೆಲ್ಲರ್ ಮೊಕದ್ದಮೆಯನ್ನೂ ಹೂಡಿದವರು ಹೊರಗಿನ ಕೆಲವು ವಕೀಲರು. ಸೋತರೆ ಇದ್ದದ್ದೂ ಹೋದೀತೆಂಬ ಭಯದಿಂದ ದೊಡ್ಡ ಸಂಘ ಮೊದಮೊದಲು ಹಿಂದೆಗೆದಿತ್ತು.

ಇವೆಲ್ಲಕ್ಕಿಂತ ನಮ್ಮನ್ನು ಕಾಡಿದ್ದು 2016ರ ಜುಲೈಯ ಘಟನೆ. ಫಿಲಾಂಡೋ ಕ್ಯಾಸ್ಟೀಲ್ ಎಂಬ ಕಪ್ಪು ಜನಾಂಗದ ಯುವಕ ಮಿನೆಸೋಟದ ಶಾಲೆಯೊಂದರ ಊಟದ ಮನೆಯಲ್ಲಿ ಕೆಲಸಕ್ಕಿದ್ದವನು. ಪೊಲೀಸರು ಕಾರು ನಿಲ್ಲಿಸಿದಾಗ ತನ್ನ ಬಳಿ ಕೋವಿ ಇದೆಯೆಂದು ತಾನೇ ಮರ್ಯಾದೆಯಿಂದ ತಿಳಿಸಿದ. ಅವನ ಹತ್ತಿರ ಪರವಾನಗಿಯೂ ಇತ್ತು. ಕೆಲವೇ ಕ್ಷಣಗಳಲ್ಲಿ ಪೊಲೀಸಿನವನ ಗುಂಡಿಗೆ ಬಲಿಯಾದ. ಆ ಪೊಲೀಸಿನವನು ಮರುವರ್ಷ ನಿರ್ದೋಷಿಯೆಂದು ಬಿಡುಗಡೆಯಾದ. ಕಾಯಿದೆ ಪಾಲಿಸಿದ ಕೋವಿದಾರನಿಗೆ ಇದಕ್ಕಿಂತ ಅನ್ಯಾಯ ಉಂಟೆ? ಸಂಘ ಮಾತ್ರ ಅವನ ಹೆಸರನ್ನೂ ಎತ್ತದೆ, ಕಳವಳಕಾರಿ ಎಂದು ಚುಟುಕಾಗಿ ಹೇಳಿ ಮುಗಿಸಿತು. ನೀವು ಕಾಯುವುದು ಎಲ್ಲರ ಹಕ್ಕನ್ನೋ ಕೆಲವರದ್ದನ್ನೋ ಎಂದು ಅದರ ಸದಸ್ಯರಲ್ಲೇ ಕೆಲವರು ಕೇಳಿದರು.

ಕೊನೆಗೆ ದುಡ್ಡಿನ ಪ್ರಶ್ನೆ ಬಂತು. ಖಾಸಗಿ ವಿಮಾನ, ವಿಹಾರಗಳಿಗೆ ಸಂಘದ ಹಣ ಹೋಯಿತೆಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ 2020ರಲ್ಲಿ ದಾವೆ ಹೂಡಿದರು. ಲಾಪಿಯೆರ್ 2024ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಫೆಬ್ರುವರಿಯಲ್ಲಿ ಜ್ಯೂರಿ ಅವರನ್ನು ಹೊಣೆಗಾರರೆಂದು ಕಂಡು, 43 ಲಕ್ಷ ಡಾಲರಿಗೂ ಹೆಚ್ಚು ಹಣ ಹಿಂತಿರುಗಿಸಬೇಕೆಂದಿತು. ಹಕ್ಕು ಅಪಾಯದಲ್ಲಿದೆಯೆಂಬ ಪತ್ರ ಕಂಡು ಕೈಲಾದಷ್ಟು ಹಣ ಕಳಿಸುತ್ತಿದ್ದ ಸಾಮಾನ್ಯ ಸದಸ್ಯನಿಗೆ ಏನನ್ನಿಸಿರಬೇಡ!

ಈಗ ನಮ್ಮ ಮನೆಯ ಮಾತಿಗೆ ಬರೋಣ. ಅಮೆರಿಕದವರ ಹಕ್ಕು ಸಂವಿಧಾನದಲ್ಲಿ ಬರೆದದ್ದು. ನಮ್ಮದು ಕಾಯಿದೆಯೊಳಗಿನ ವಿನಾಯಿತಿ. ಸಿಖ್ಖರ ಕೃಪಾಣಕ್ಕಿರುವಂಥ ರಕ್ಷಣೆ ನಮ್ಮ ಕೋವಿಗೂ ಸಂವಿಧಾನದಲ್ಲಿ ಬೇಕೆಂಬುದು ಕೊಡವ ನ್ಯಾಷನಲ್ ಕೌನ್ಸಿಲ್ಲಿನ ಬೇಡಿಕೆ. ನಮ್ಮಲ್ಲಿ ಕೆಲವರಿಗೆ ಅದೇ ಸರಿಯೆನ್ನಿಸುತ್ತದೆ. ಜನಾಂಗದ ಹೆಸರು ಹಿಡಿದರೆ ಜಮ್ಮಾ ಭೂಮಿಯ ಇತರ ಒಡೆಯರನ್ನು ದೂರ ಮಾಡಿದಂತಾಗದೆ ಎಂದು ಕೆಲವರ ಆತಂಕ. ಹಂದಿಯ ಹಾವಳಿಯಲ್ಲಿ ಗದ್ದೆ ಕಾಯುವ ರೈತನ ಅಗತ್ಯವನ್ನಷ್ಟೇ ಹೇಳಿದರೆ ಸಾಕೆಂದು ಮತ್ತೆ ಕೆಲವರು. ಜನಾಂಗ, ಭೂಮಿಗಳ ಆಧಾರದ ವಿನಾಯಿತಿ ಸಮಾನತೆಗೆ ವಿರುದ್ಧವೆಂದು ಹೂಡಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ವಿನಾಯಿತಿ ಹತ್ತೇ ವರ್ಷದ್ದು, ಷರತ್ತಿಗೊಳಪಟ್ಟದ್ದು ಎಂಬುದನ್ನೂ ನ್ಯಾಯಾಲಯ ಗಣನೆಗೆ ತಂದುಕೊಂಡಿತು. ಯಾವ ಷರತ್ತೂ ಬೇಡವೆಂದು ಗರ್ಜಿಸುವವರು ಈ ಮಾತನ್ನು ಎರಡು ಸಲ ಓದಬೇಕು.

ಹೊರನಾಡಿನಲ್ಲಿರುವ ನಮಗೆ ಊರಿನವರಿಗಿಲ್ಲದ ಒಂದು ಅಭ್ಯಾಸವಿದೆ. ನಿಮ್ಮೂರಿನಲ್ಲಿ ಎಲ್ಲರೂ ಬಂದೂಕು ಹಿಡಿದೇ ತಿರುಗುತ್ತಾರಂತೆ, ಹೌದೆ ಎಂದು ಪಕ್ಕದ ಮನೆಯ ಮರಾಠಿ ಅಜ್ಜಿ ಕೇಳುತ್ತಾರೆ. ಕೋವಿಯನ್ನೇ ಮುಟ್ಟದವರಿಗೆ ಅದನ್ನು ವಿವರಿಸಿ ವಿವರಿಸಿ ನಾವು ಪಳಗಿದ್ದೇವೆ. ಅವರೆದುರು ಎದೆ ತಟ್ಟಿಕೊಂಡರೆ ಬಾಗಿಲು ಮುಚ್ಚುತ್ತದೆ. ಪುತ್ತರಿಯ ಗುಂಡು, ಸಾವಿನ ಮನೆಯ ಗುಂಡು, ಬೀಗ ಹಾಕಿಟ್ಟ ಪೆಟ್ಟಿಗೆ, ಮಕ್ಕಳ ಕೈಗೆ ಸಿಗದ ಬೀಗದ ಕೈ, ಇವನ್ನು ಹೇಳಿದರೆ ಕೇಳುತ್ತಾರೆ. ಪಾರ್ಲಿಮೆಂಟಿನಲ್ಲೂ ನ್ಯಾಯಾಲಯದಲ್ಲೂ ಕೂರುವವರಲ್ಲಿ ಹೆಚ್ಚಿನವರು ಆ ಅಜ್ಜಿಯಂಥವರೇ ತಾನೆ?

ಆದ್ದರಿಂದ ನಮ್ಮ ಪರವಾಗಿ ದೆಹಲಿಗೆ ಹೋಗುವವರು ಯಾರೇ ಇರಲಿ, ಹೊರಡುವ ಮೊದಲು ಎಲ್ಲರನ್ನೂ ಕೂರಿಸಿ ಅಭಿಪ್ರಾಯ ಕೇಳಲಿ. ಕೊಡವರಲ್ಲದ ಜಮ್ಮಾ ಹಿಡುವಳಿದಾರರನ್ನೂ ಕರೆಯಲಿ. ಖರ್ಚಿನ ಲೆಕ್ಕ ಮುಂದಿಡಲಿ. ಊರಿನ ಸಭೆಗಳ ನೋಟೀಸನ್ನು ನಮ್ಮಂಥ ದೂರದವರಿಗೂ ಕಳಿಸಲಿ ಎಂದು ಪತ್ರ ಬರೆಯಲು ಈ ಸಲ ನಿಶ್ಚಯಿಸಿದ್ದೇವೆ. ಪತ್ರದ ಒಕ್ಕಣೆಯ ಬಗ್ಗೆ ಮಾತ್ರ ನಮ್ಮೊಳಗೆ ಇನ್ನೂ ಒಮ್ಮತವಾಗಿಲ್ಲ.